ಬಾಣಂತನದ ಖರ್ಚು ಯಾರ ಲೆಕ್ಕಕ್ಕೆ: ಸಿದ್ದಾಪುರ ಸೀಮೆಯ ದುಡಿಮೆ ಮತ್ತು ಹೆರಿಗೆ ರಜೆ

ಬಾಳೆಬರೆ ಘಾಟಿಯನ್ನಿಳಿದು ಹೊಸಂಗಡಿಯ ಮೂಲಕ ಕುಂದಾಪುರದ ಕಡೆಗೆ ಸಾಗುವ ದಾರಿಯಲ್ಲಿ ಸಿಗುವ ಸಿದ್ದಾಪುರವು ಉತ್ತರ ಕನ್ನಡದ ಅದೇ ಹೆಸರಿನ ತಾಲೂಕು ಕೇಂದ್ರದಷ್ಟು ಹೆಸರಾದ ಊರಲ್ಲ. ಆದರೂ ಘಟ್ಟದ ಬುಡದ ಹಳ್ಳಿಗಳಿಗೆ ಪೇಟೆಯಾಗಿ, ವಾರಾಹಿ ನದಿಯ ಜಲವಿದ್ಯುತ್ ಯೋಜನೆಯ ನೆರೆಯ ಊರಾಗಿ ಅದು ಬೆಳೆದಿದೆ. ಇಲ್ಲಿನ ಮತ್ತು ಸುತ್ತಲಿನ ಕುಂದಾಪುರ ಸೀಮೆಯ ಹೆಂಗಸರು ಕಳೆದ ನೂರೈವತ್ತು ವರ್ಷಗಳಲ್ಲಿ ಗದ್ದೆಯಿಂದ ಹಂಚಿನ ಕಾರ್ಖಾನೆಗೆ, ಘಟ್ಟದ ಮೇಲಿನ ಕಾಫಿ ತೋಟಕ್ಕೆ, ಬೀಡಿಗೆ, ಗೇರುಬೀಜದ ಕಾರ್ಖಾನೆಗೆ, ಆಮೇಲೆ ಶಾಲೆ ಮತ್ತು ಬ್ಯಾಂಕುಗಳಿಗೆ ದುಡಿಮೆಗಾಗಿ ಹೋಗಿದ್ದಾರೆ. ಹೆರಿಗೆಯ ಮುಂಚಿನ ಮತ್ತು ನಂತರದ ವಾರಗಳಲ್ಲಿ ಕೆಲಸಕ್ಕೆ ಬಾರದ ಹೆಂಗಸಿಗೆ ಸಂಬಳವನ್ನು ಕೊಟ್ಟು, ಆಕೆಯ ಜಾಗವನ್ನೂ ಕಾದಿರಿಸುವ ವ್ಯವಸ್ಥೆಗೆ ಹೆರಿಗೆ ರಜೆಯೆಂದು ಹೆಸರು. ಆ ರಜೆಯಿಂದ ಧಣಿಗೆ ನಷ್ಟವೋ ಲಾಭವೋ, ಅದು ಕೆಲಸದವರನ್ನು ಉಳಿಸಿಕೊಡುತ್ತದೆಯೋ ಇಲ್ಲವೋ ಎಂಬ ಚರ್ಚೆ ಇಂದು ಬೆಂಗಳೂರಿನ ಕಂಪೆನಿಗಳ ಸುತ್ತ ನಡೆಯುವುದೇ ಹೆಚ್ಚು. ಆದರೆ ಕರಾವಳಿಯ ದುಡಿಮೆಯ ಚರಿತ್ರೆಯನ್ನು ಗಮನಿಸಿದರೆ ಆ ಪ್ರಶ್ನೆಗೂ ಮೊದಲು ಬರುವ ಇನ್ನೊಂದು ಪ್ರಶ್ನೆಯಿದೆ: ದುಡಿಯುವ ಹೆಂಗಸಿಗೆ ಧಣಿ ಯಾರು, ಮತ್ತು ಆತ ತಾನೇ ಧಣಿಯೆಂದು ಒಪ್ಪಿಕೊಳ್ಳುತ್ತಾನೆಯೇ?

ಕಾರ್ಖಾನೆಗಳು ಬರುವ ಮೊದಲು ಬಾಣಂತನದ ಖರ್ಚು ತವರಿನದಾಗಿತ್ತು. ಚೊಚ್ಚಲ ಹೆರಿಗೆಗೆ ಮಗಳನ್ನು ಕರೆತರುವುದು, ಅಮೆ ಕಳೆಯುವವರೆಗೆ, ಅಂದರೆ ಹೆರಿಗೆಯ ಸೂತಕ ತೀರುವವರೆಗೆ, ಆಕೆಯನ್ನು ಅಡುಗೆ ಮನೆಯ ಕೆಲಸದಿಂದ ದೂರವಿಡುವುದು, ಆ ಬಳಿಕವೂ ನಲವತ್ತು ದಿನಗಳ ತನಕ ಎಣ್ಣೆನೀರು, ಕಷಾಯ, ಲೇಹಗಳಿಂದ ಉಪಚರಿಸುವುದು ಎಲ್ಲವೂ ಆ ಲೆಕ್ಕದಲ್ಲೇ ಸೇರುತ್ತಿದ್ದವು. ಬಂಟರು, ಮೊಗವೀರರು, ಬಿಲ್ಲವರು ಪಾಲಿಸುತ್ತಿದ್ದ ಅಳಿಯಸಂತಾನ ಪದ್ಧತಿಯಲ್ಲಿ ವಂಶವೂ ಆಸ್ತಿಯ ಹಕ್ಕೂ ಹೆಣ್ಣಿನ ಮೂಲಕ ಹರಿಯುವುದರಿಂದ, ಹೆರಿಗೆಗೆ ಹೋಗುವ ಮನೆ ಆಕೆಯ ಪಾಲಿಗೆ ಬರಿಯ ತವರಾಗಿರದೆ ಸ್ವಂತ ಕುಟುಂಬವಾಗಿತ್ತು. ಹುಟ್ಟಿದ ಮಗುವೂ ಅದೇ ಕುಟುಂಬಕ್ಕೆ ಸೇರುತ್ತಿತ್ತಾದ್ದರಿಂದ ಖರ್ಚನ್ನು ಹೊರುವವರು ಯಾರೆಂಬ ತಕರಾರಿಗೆ ಎಡೆಯಿರಲಿಲ್ಲ. ಈ ವ್ಯವಸ್ಥೆಯನ್ನು ಹೊಗಳುವವರು ಅದರ ಒಂದು ಮಿತಿಯನ್ನು ಮರೆಯುತ್ತಾರೆ: ಅದು ಗದ್ದೆ, ಗೇಣಿ, ಅಕ್ಕಿಯ ಕಣಜ ಇದ್ದ ಮನೆಗಳ ವ್ಯವಸ್ಥೆಯಾಗಿತ್ತು. 1801ರಲ್ಲಿ ಕಂಪೆನಿ ಸರಕಾರದ ಪರವಾಗಿ ಕೆನರಾವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಬೇಸಾಯದ ಆಳುಗಳಲ್ಲಿ ಕೂಲಿಯಾಳು ಮತ್ತು ಮೂಲದಾಳು ಎಂಬ ಎರಡು ಬಗೆಗಳನ್ನು ಗುರುತಿಸಿದ್ದಾನೆ. ಮೊದಲನೆಯವರು ಕೂಲಿಗೆ ಬಂದವರು, ಎರಡನೆಯವರು ಒಡೆಯನ ಸ್ವತ್ತಾಗಿ ಹುಟ್ಟಿದವರು ಅಥವಾ ಕೊಂಡುತಂದವರು. ಮೂಲದಾಳಿನ ಮನೆಯಲ್ಲಿ ಹುಟ್ಟುವ ಮಗು ಒಡೆಯನ ಸ್ವತ್ತಿಗೆ ಸೇರುವ ಲಾಭವಾಗಿದ್ದಾಗ, ಬಾಣಂತಿಗೆ ಆತ ಅಳೆದುಕೊಡುತ್ತಿದ್ದ ಪಡಿಯನ್ನು ಧರ್ಮವೆನ್ನುವುದಕ್ಕಿಂತ ಸ್ವತ್ತಿನ ಪಾಲನೆಯೆನ್ನುವುದೇ ಸರಿ. ಕೂಲಿಯಾಳಿಗೆ ಅದೂ ಇರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ಹಂಚಿನ ಕಾರ್ಖಾನೆಗಳು ಬಂದುವು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯ ಮಾದರಿ 1886ರಲ್ಲಿ ಮಲ್ಪೆಗೂ ಬಂತು, ಕ್ರಮೇಣ ಹೊಳೆಗಳ ಬದಿಯ ಜೇಡಿಮಣ್ಣು ಸಿಗುವಲ್ಲೆಲ್ಲ ಹಬ್ಬಿತು. ಮಣ್ಣು ಮತ್ತು ಹಸಿ ಹಂಚುಗಳನ್ನು ಹೊರುವ, ಒಣಗಲು ಜೋಡಿಸುವ ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಳ್ಳಲಾಯಿತು. ಮಿಶನ್ನಿನ ತಾಯ್ನಾಡಾದ ಸ್ವಿಟ್ಜರ್‌ಲೆಂಡಿನಲ್ಲಿ 1877ರ ಕಾರ್ಖಾನೆ ಕಾಯಿದೆಯು ಹೆರಿಗೆಯ ಮುಂಚೆ ಮತ್ತು ನಂತರ ಒಟ್ಟು ಎಂಟು ವಾರ ಹೆಂಗಸರನ್ನು ಕೆಲಸಕ್ಕೆ ಹಚ್ಚುವುದನ್ನು ನಿಷೇಧಿಸಿತ್ತು, ಆದರೆ ಆ ವಾರಗಳ ಕೂಲಿಯ ಬಗ್ಗೆ ಏನನ್ನೂ ಹೇಳಿರಲಿಲ್ಲ. ಸ್ವಿಸ್ ತಾಯಂದಿರಿಗೆ ದೇಶವ್ಯಾಪಿ ಸಂಬಳಸಹಿತ ರಜೆ ಸಿಕ್ಕಿದ್ದು 2005ರಲ್ಲಿ, ಅಂದರೆ ಭಾರತದ ಹೆರಿಗೆ ಸೌಲಭ್ಯ ಕಾಯಿದೆ ಬಂದು ನಾಲ್ಕು ದಶಕಗಳಾದ ಮೇಲೆ. ಯುರೋಪು ದಾರಿ ತೋರಿಸಿತು, ಉಳಿದವರು ಹಿಂದೆ ನಡೆದರು ಎಂಬ ಸರಳ ಕಥನಕ್ಕೆ ಈ ಒಂದು ಇಸವಿ ಸಾಕಷ್ಟು ತೊಡಕನ್ನು ತರುತ್ತದೆ.

ಸಂಬಳಸಹಿತ ರಜೆಯ ವಿಚಾರ ಅಂತಾರಾಷ್ಟ್ರೀಯ ಮಟ್ಟದಲ್ಲಿ ಖಚಿತ ರೂಪ ಪಡೆದದ್ದು 1919ರಲ್ಲಿ, ವಾಷಿಂಗ್ಟನ್ನಿನಲ್ಲಿ ಕೂಡಿದ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ಸಮ್ಮೇಳನದಲ್ಲಿ. ಅಲ್ಲಿ ಒಪ್ಪಿದ ಮೂರನೆಯ ಒಡಂಬಡಿಕೆ ಹೆರಿಗೆಗೆ ಹನ್ನೆರಡು ವಾರಗಳ ರಜೆಯನ್ನು ಹೇಳಿದ್ದಲ್ಲದೆ, ಆ ಅವಧಿಯ ಹಣ ಸರಕಾರದ ಬೊಕ್ಕಸದಿಂದಲೋ ವಿಮಾ ವ್ಯವಸ್ಥೆಯಿಂದಲೋ ಬರಬೇಕೆಂದೂ ಗೊತ್ತುಮಾಡಿತು. ಇದರ ಹಿಂದಿದ್ದ ತರ್ಕ ನೇರವಾದದ್ದು: ಹೆಂಗಸನ್ನು ಕೆಲಸಕ್ಕಿಟ್ಟುಕೊಂಡ ಧಣಿಯೊಬ್ಬನ ಮೇಲೆಯೇ ಪೂರ್ತಿ ಭಾರ ಬಿದ್ದರೆ ಆತ ಹೆಂಗಸರನ್ನೇ ಇಟ್ಟುಕೊಳ್ಳದಿರುವ ದಾರಿಯನ್ನು ಹುಡುಕುತ್ತಾನೆ. ಭಾರತ ಸರಕಾರ ಒಡಂಬಡಿಕೆಯನ್ನು ಅನುಮೋದಿಸಲಿಲ್ಲ, 1924ರಲ್ಲಿ ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ ತಂದ ಮಸೂದೆಗೂ ಒಪ್ಪಿಗೆ ಸಿಗಲಿಲ್ಲ. ಮುಂಬಯಿ ಶಾಸನ ಪರಿಷತ್ತಿನಲ್ಲಿ 1928ರಲ್ಲಿ ಇಂಥದೇ ಮಸೂದೆ ಚರ್ಚೆಗೆ ಬಂದಾಗ ಅದನ್ನು ಬೆಂಬಲಿಸಿದ ಬಿ. ಆರ್. ಅಂಬೇಡ್ಕರರು, ತಾಯಂದಿರ ವಿಶ್ರಾಂತಿ ರಾಷ್ಟ್ರದ ಹಿತಕ್ಕೆ ಸೇರಿದ್ದಾದ್ದರಿಂದ ಬಹುಪಾಲು ಹೊರೆ ಸರಕಾರದ್ದಾಗಬೇಕೆಂದೂ, ಆದರೆ ಲಾಭವಿರುವುದರಿಂದಲೇ ಹೆಂಗಸರನ್ನು ಕೆಲಸಕ್ಕಿಟ್ಟುಕೊಳ್ಳುವ ಧಣಿಗಳು ತಮ್ಮ ಪಾಲನ್ನು ಕೊಡುವುದು ನ್ಯಾಯವೆಂದೂ ವಾದಿಸಿದರು. 1929ರ ಮುಂಬಯಿ ಕಾಯಿದೆಯಾಗಲಿ ಆಮೇಲೆ ಬಂದ 1934ರ ಮದರಾಸು ಕಾಯಿದೆಯಾಗಲಿ ಅವರ ಮಾತಿನ ಎರಡನೆಯ ಭಾಗವನ್ನಷ್ಟೇ ಉಳಿಸಿಕೊಂಡು, ಸರಕಾರದ ಪಾಲನ್ನು ಬಿಟ್ಟು, ಇಡೀ ಖರ್ಚನ್ನು ಧಣಿಯ ತಲೆಗೆ ಹಾಕಿದವು.

ಕೆನರಾ ಜಿಲ್ಲೆಯ ವಿಭಜನೆಯಾಗಿ 1862ರಲ್ಲಿ ಉತ್ತರದ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿದಾಗ ಕುಂದಾಪುರ ತಾಲೂಕನ್ನು ಮಾತ್ರ ಮದರಾಸಿನ ದಕ್ಷಿಣ ಕನ್ನಡದಲ್ಲೇ ಉಳಿಸಿಕೊಳ್ಳಲಾಗಿತ್ತು. ಗಡಿ ಸ್ವಲ್ಪ ತೆಂಕಕ್ಕೆ ಸರಿದಿದ್ದರೆ ಇಲ್ಲಿನ ಕಾರ್ಖಾನೆಗಳ ಹೆಂಗಸರು ಐದು ವರ್ಷ ಮೊದಲೇ ಕಾಯಿದೆಯ ನೆರಳಿಗೆ ಬರುತ್ತಿದ್ದರು. ಆದರೆ ಕಾಗದದ ಮೇಲಿನ ಆ ಐದು ವರ್ಷಗಳಿಂದ ಹೆಚ್ಚಿನ ವ್ಯತ್ಯಾಸವಾಗುತ್ತಿತ್ತೆಂದು ನಂಬುವುದು ಕಷ್ಟ. 1944ರಲ್ಲಿ ನೇಮಕಗೊಂಡು 1946ರಲ್ಲಿ ವರದಿ ಒಪ್ಪಿಸಿದ ಡಿ. ವಿ. ರೇಗೆ ಅಧ್ಯಕ್ಷತೆಯ ಕಾರ್ಮಿಕ ತನಿಖಾ ಸಮಿತಿಯು ದೇಶದ ಹಲವೆಡೆ ಧಣಿಗಳು ಈ ಕಾಯಿದೆಗಳಿಂದ ತಪ್ಪಿಸಿಕೊಳ್ಳುತ್ತಿದ್ದ ಬಗೆಗಳನ್ನು ದಾಖಲಿಸಿತು. ಬಸುರಿನ ಲಕ್ಷಣ ಕಂಡೊಡನೆ ಕೆಲಸದಿಂದ ಬಿಡಿಸುವುದು, ಮದುವೆಯಾಗದವರನ್ನು, ವಿಧವೆಯರನ್ನು, ಹೆರುವ ವಯಸ್ಸು ದಾಟಿದವರನ್ನು ಆರಿಸಿ ತೆಗೆದುಕೊಳ್ಳುವುದು ಅವುಗಳಲ್ಲಿ ಮುಖ್ಯವಾದವು. ಕೆಲಸದವರನ್ನು ಉಳಿಸಬೇಕಿದ್ದ ಕಾನೂನು ಅವರನ್ನು ಹೊರದೂಡುವ ನೆಪವಾದದ್ದಕ್ಕೆ ಕಾರಣವನ್ನು ಧಣಿಗಳ ಕಠಿಣ ಮನಸ್ಸಿನಲ್ಲಿ ಮಾತ್ರ ಹುಡುಕಬೇಕಿಲ್ಲ. ವಾಷಿಂಗ್ಟನ್ನಿನಲ್ಲಿ ಮುಂಗಂಡಿದ್ದ ಅಪಾಯವೇ ಇಲ್ಲಿ ನಿಜವಾಗಿತ್ತು.

ಘಟ್ಟದ ಮೇಲಿನ ತೋಟಗಳ ಕತೆ ಕೊಂಚ ಬೇರೆ. ದಕ್ಷಿಣ ಕನ್ನಡದಿಂದ ಮೇಸ್ತ್ರಿಗಳ ಮುಂಗಡ ಪಡೆದು ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಿಗೆ ಹೋಗುತ್ತಿದ್ದವರಲ್ಲಿ ಗಂಡಹೆಂಡಿರು ಕೂಡಿಯೇ ಇರುತ್ತಿದ್ದುದುಂಟು. ದೂರದ ಕಾಡಿನ ತೋಟಕ್ಕೆ ಆಳುಗಳನ್ನು ತರುವುದೇ ದುಬಾರಿಯಾಗಿದ್ದಾಗ ಬಂದವರನ್ನು ಸಂಸಾರ ಸಹಿತ ಉಳಿಸಿಕೊಳ್ಳುವುದರಲ್ಲಿ ತೋಟದ ಒಡೆಯರಿಗೆ ಆಸಕ್ತಿಯಿತ್ತು. 1951ರ ತೋಟ ಕಾರ್ಮಿಕ ಕಾಯಿದೆಯು ಹೆರಿಗೆ ಭತ್ಯೆಯನ್ನೂ ಶಿಶುಗೃಹವನ್ನೂ, ಅಂದರೆ ತಾಯಂದಿರು ದುಡಿಯುವ ಹೊತ್ತಿನಲ್ಲಿ ಎಳೆ ಮಕ್ಕಳನ್ನು ನೋಡಿಕೊಳ್ಳುವ ಕೋಣೆಯನ್ನೂ, ತೋಟದ ಒಡೆಯರ ಹೊಣೆಗೆ ಸೇರಿಸಿತು. ಹನ್ನೆರಡು ವಾರಗಳ ಭತ್ಯೆಯನ್ನು ಲೆಕ್ಕಹಾಕುವಾಗ ವಾರಕ್ಕೆ ಆರು ದಿನವೇ ಏಳು ದಿನವೇ ಎಂಬ ತಕರಾರು ಕೊಯಮತ್ತೂರಿನ ತೋಟವೊಂದರಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1977ರಲ್ಲಿ ಏಳು ದಿನವೆಂದು ತೀರ್ಮಾನವಾಯಿತು. ಭಾನುವಾರದ ಕೂಲಿಗಾಗಿ ಅಷ್ಟು ದೂರ ನಡೆದ ವ್ಯಾಜ್ಯವು ಈ ಖರ್ಚಿನ ಬಗ್ಗೆ ಧಣಿಗಳಿಗಿದ್ದ ಧೋರಣೆಯನ್ನು ಬೇರೆ ವಿವರಣೆಯಿಲ್ಲದೆ ತಿಳಿಸುತ್ತದೆ.

ರಾಜ್ಯಗಳ ಪುನರ್ವಿಂಗಡಣೆಯಲ್ಲಿ 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಸೇರಿದವು. ಪ್ರಾಂತಗಳ ಬಿಡಿ ಕಾಯಿದೆಗಳ ಜಾಗಕ್ಕೆ ಇಡೀ ದೇಶಕ್ಕೆ ಅನ್ವಯಿಸುವ ಹೆರಿಗೆ ಸೌಲಭ್ಯ ಕಾಯಿದೆ 1961ರಲ್ಲಿ ಬಂದು ಹನ್ನೆರಡು ವಾರಗಳ ರಜೆಯನ್ನು ಕೊಟ್ಟಿತು. ಆ ಅವಧಿಯಲ್ಲಿ ಕೆಲಸದಿಂದ ತೆಗೆಯುವುದು ಕಾನೂನುಬಾಹಿರವಾಯಿತು. ಆದರೆ ಹಣ ಕೊಡುವ ಹೊಣೆ ಹಿಂದಿನಂತೆಯೇ ಧಣಿಯ ಮೇಲೆ ಉಳಿಯಿತು. ಈ ಹೊಣೆಯ ನಿಜವಾದ ಪರೀಕ್ಷೆ ನಡೆದದ್ದು ಕರಾವಳಿಯ ಬೀಡಿ ಉದ್ಯಮದಲ್ಲಿ.

ಬೀಡಿಯ ಕೆಲಸದ ಕ್ರಮವೇ ಧಣಿಯನ್ನು ಮರೆಮಾಡುವಂಥದು. ಮಂಗಳೂರಿನ ಕಂಪೆನಿ ಎಲೆ ಮತ್ತು ಹೊಗೆಸೊಪ್ಪನ್ನು ಕಂಟ್ರಾಕ್ಟುದಾರನಿಗೆ ಕೊಡುತ್ತದೆ, ಆತ ಊರಿನ ಬ್ರಾಂಚಿನಲ್ಲಿ ಅದನ್ನು ತೂಗಿ ಹಂಚುತ್ತಾನೆ, ಹೆಂಗಸರು ಮನೆಯಲ್ಲಿ ಕುಳಿತು ಕಟ್ಟಿದ ಬೀಡಿಯನ್ನು ತಂದೊಪ್ಪಿಸಿ ಸಾವಿರಕ್ಕೆ ಇಷ್ಟೆಂದು ಮಜೂರಿ ಪಡೆಯುತ್ತಾರೆ. ಇವರಿಗೆ ಕಂಪೆನಿ ಧಣಿಯೇ, ಕಂಟ್ರಾಕ್ಟುದಾರ ಧಣಿಯೇ, ಅಥವಾ ಇವರು ತಮಗೆ ತಾವೇ ಧಣಿಗಳೇ ಎಂಬುದಕ್ಕೆ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಸ್ಪಷ್ಟ ಉತ್ತರ ಕೊಟ್ಟಿತು: ಮನೆಯಲ್ಲಿ ಕಟ್ಟುವವರೂ ನೌಕರರೇ, ಕಂಟ್ರಾಕ್ಟುದಾರನ ಹಿಂದಿರುವ ಕಂಪೆನಿಯೇ ಮುಖ್ಯ ಧಣಿ. ಅದೇ ಕಾಯಿದೆಯ 37ನೆಯ ಕಲಮಿನ ಮೂಲಕ ಹೆರಿಗೆ ಸೌಲಭ್ಯ ಕಾಯಿದೆಯೂ ಬೀಡಿ ಉದ್ಯಮಕ್ಕೆ ಅನ್ವಯವಾಯಿತು. ಮನೆಯಲ್ಲಿ ಕಟ್ಟುವವರಿಗೆ ವೈದ್ಯಕೀಯ ಬೋನಸ್ಸನ್ನೂ ಹೆರಿಗೆಯಿಂದಾದ ಕಾಯಿಲೆಯ ಹೆಚ್ಚುವರಿ ರಜೆಯನ್ನೂ ಅದು ಕೈಬಿಟ್ಟಿತಾದರೂ, ಮನೆಯ ಜಗಲಿಯಲ್ಲಿ ಕುಳಿತು ದುಡಿಯುವ ಹೆಂಗಸಿಗೆ ಕಾರ್ಖಾನೆಯವರಂತೆ ಹೆರಿಗೆಯ ಕೂಲಿಯ ಹಕ್ಕನ್ನು ಕೊಟ್ಟದ್ದು ಜಗತ್ತಿನ ಕಾರ್ಮಿಕ ಕಾನೂನುಗಳಲ್ಲಿ ಅಪರೂಪದ ಸಂಗತಿಯೇ ಸರಿ.

ಕಂಪೆನಿಗಳು ಇದನ್ನು ಎರಡು ಬಗೆಯಲ್ಲಿ ಎದುರಿಸಿದವು. ಕಾರ್ಮಿಕ ಸಂಘಗಳು ಬಲವಾಗಿದ್ದ ಕೇರಳದ ಕಣ್ಣೂರಿನಲ್ಲಿ ಹೊಸ ಕಾಯಿದೆ ಜಾರಿಗೆ ಬರುವ ಹೊತ್ತಿಗೆ, 1968ರಲ್ಲಿ, ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮತ್ತು ಅದನ್ನು ಅನುಸರಿಸಿದ ಇತರ ಕಂಪೆನಿಗಳು ಅಲ್ಲಿನ ಕೆಲಸವನ್ನು ನಿಲ್ಲಿಸಿದವು, ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. ಅವರನ್ನು ಸೇರಿಸಿ 1969ರಲ್ಲಿ ಕಟ್ಟಿದ ಕೇರಳ ದಿನೇಶ್ ಬೀಡಿ ಸಹಕಾರಿ ಸಂಘವು ಕಾಯಿದೆಯ ಸೌಲಭ್ಯಗಳನ್ನೆಲ್ಲ ಕೊಟ್ಟುಕೊಂಡೇ ಮುಂದಿನ ದಶಕಗಳಲ್ಲಿ ಹತ್ತಾರು ಸಾವಿರ ಕೆಲಸಗಾರರ ಸಂಸ್ಥೆಯಾಗಿ ಬೆಳೆಯಿತು. ಗಡಿಯ ಈಚೆ ಕರ್ನಾಟಕದ ಕರಾವಳಿಯಲ್ಲಿ ಮಾತ್ರ ಮನೆಯಲ್ಲೇ ಬೀಡಿ ಕಟ್ಟಿಸುವ ಕ್ರಮವೇ ಗಟ್ಟಿಯಾಯಿತು. ಎರಡನೆಯ ಬಗೆ ನ್ಯಾಯಾಲಯದ್ದು. ಕಾಯಿದೆಯ ಸಿಂಧುತ್ವವನ್ನು ಪ್ರಶ್ನಿಸಿ ಗಣೇಶ್ ಬೀಡಿ ವರ್ಕ್ಸ್ ಹಾಗೂ ಇತರರು ಹೂಡಿದ ವ್ಯಾಜ್ಯದಲ್ಲಿ 1974ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು, ಹೊಣೆಯಿಂದ ನುಣುಚಿಕೊಳ್ಳುವ ಕಾನೂನಿನ ದಾರಿ ಅಲ್ಲಿಗೆ ಮುಚ್ಚಿತು.

ಆದರೆ ಲೆಕ್ಕದ ದಾರಿ ತೆರೆದೇ ಇತ್ತು. ಹೆರಿಗೆಯ ಹಣ ಸಿಗಬೇಕಾದರೆ ಹಿಂದಿನ ಹನ್ನೆರಡು ತಿಂಗಳಲ್ಲಿ ಮೊದಲು 160 ದಿನ, 1988ರ ತಿದ್ದುಪಡಿಯ ಬಳಿಕ 80 ದಿನ ದುಡಿದಿರಬೇಕಿತ್ತು. ಮನೆಯಲ್ಲಿ ಕಟ್ಟುವವಳ ದುಡಿಮೆಯ ದಿನಕ್ಕೆ ಆಕೆಯ ಹೆಸರಿನ ಪುಸ್ತಕದಲ್ಲಿ ಬರೆದ ಎಲೆ, ಹೊಗೆಸೊಪ್ಪು ಮತ್ತು ಬೀಡಿಯ ಲೆಕ್ಕವಲ್ಲದೆ ಬೇರೆ ಸಾಕ್ಷಿಯಿರಲಿಲ್ಲ. ಒಂದೇ ಪುಸ್ತಕದ ಮೇಲೆ ತಾಯಿ, ಮಗಳು, ಸೊಸೆ ಮೂವರೂ ಕಟ್ಟುತ್ತಿದ್ದರೆ ದುಡಿದವರು ಮೂವರು, ನೌಕರಳು ಒಬ್ಬಳೇ. ಹೆರುವ ವಯಸ್ಸಿನ ಸೊಸೆಯ ಹೆಸರು ಪುಸ್ತಕದಲ್ಲಿಲ್ಲದಿದ್ದರೆ ಆಕೆಯ ಹೆರಿಗೆ ಯಾವ ಕಂಪೆನಿಯ ಲೆಕ್ಕಕ್ಕೂ ಬರುತ್ತಿರಲಿಲ್ಲ. ಕೆಲಸಗಾರರನ್ನು ಉಳಿಸಿಕೊಳ್ಳುವ ಪ್ರಶ್ನೆ ಈ ಉದ್ಯಮದಲ್ಲಿ ಧಣಿಗಳನ್ನು ಕಾಡದಿದ್ದುದಕ್ಕೂ ಇಲ್ಲೇ ಕಾರಣವಿದೆ. ಬೀಡಿ ಕಟ್ಟುವುದು ವರ್ಷಗಳ ಅಭ್ಯಾಸ ಬೇಡುವ ಕುಶಲ ಕೆಲಸವಾದರೂ ಅದನ್ನು ಕಲಿಸುವವಳು ತಾಯಿ, ಕಲಿಯುವ ಕಾಲದಲ್ಲಿ ಹಾಳಾಗುವ ಎಲೆಯ ನಷ್ಟವನ್ನು ಹೊರುವುದೂ ಮನೆಯೇ. ಒಬ್ಬಳು ಬಿಟ್ಟರೆ ಕಂಪೆನಿಗೆ ಏನೂ ಕಳೆಯುವುದಿಲ್ಲವಾದ್ದರಿಂದ ಆಕೆಯನ್ನು ಉಳಿಸಿಕೊಳ್ಳಲೆಂದು ಖರ್ಚು ಮಾಡುವ ಪ್ರಮೇಯವೂ ಬರುವುದಿಲ್ಲ.

ಗೇರುಬೀಜದ ಕಾರ್ಖಾನೆಯಲ್ಲಿ ಪರಿಸ್ಥಿತಿ ಬೇರೆಯಾಗುತ್ತದೆ. ಮಂಗಳೂರಿನಲ್ಲಿ 1920ರ ದಶಕದಲ್ಲಿ ಪಿಯರ್ಸ್ ಲೆಸ್ಲಿ ಕಂಪೆನಿಯೊಂದಿಗೆ ಆರಂಭವಾಗಿ, ಆಫ್ರಿಕಾದಿಂದ ತರಿಸುವ ಬೀಜದ ಬಲದಿಂದ ವರ್ಷವಿಡೀ ನಡೆಯುವಂತಾದ ಈ ಉದ್ಯಮ ಕುಂದಾಪುರದ ಒಳನಾಡಿಗೂ ಹಬ್ಬಿತು. ಬೀಜ ಒಡೆಯುವುದು, ಸಿಪ್ಪೆ ಸುಲಿಯುವುದು, ಗಾತ್ರ ಬಣ್ಣಗಳನ್ನು ನೋಡಿ ವಿಂಗಡಿಸುವುದು ಹೆಚ್ಚಾಗಿ ಹೆಂಗಸರ ಕೆಲಸ. ಇಡೀ ಬೀಜಕ್ಕೂ ಹೋಳಾದ ಬೀಜಕ್ಕೂ ಮಾರುಕಟ್ಟೆಯ ಬೆಲೆಯಲ್ಲಿ ದೊಡ್ಡ ಅಂತರವಿರುವುದರಿಂದ, ಕೈಪಳಗಿದವಳು ಬಿಟ್ಟುಹೋಗಿ ಹೊಸಬಳು ಬಂದರೆ ನಷ್ಟ ಅಂದಿನ ಲೆಕ್ಕದಲ್ಲೇ ಕಾಣುತ್ತದೆ. ಇಂಥ ಕಾರ್ಖಾನೆಗಳಿಗೆ ನೌಕರರ ರಾಜ್ಯ ವಿಮಾ ಯೋಜನೆ, ಜನರ ಮಾತಿನಲ್ಲಿ ಇ.ಎಸ್.ಐ., ಅನ್ವಯವಾದಲ್ಲಿ ಧಣಿಯ ಲೆಕ್ಕಾಚಾರವೂ ಬದಲಾಗುತ್ತದೆ. 1948ರ ಕಾಯಿದೆಯಿಂದ ಹುಟ್ಟಿದ ಈ ಯೋಜನೆಯಲ್ಲಿ ಧಣಿಯೂ ಕೆಲಸಗಾರರೂ ಸಂಬಳದ ಒಂದು ಪಾಲನ್ನು ನಿಧಿಗೆ ಕಟ್ಟುತ್ತಾರೆ. 2019ರ ಜುಲೈಯಿಂದ ಧಣಿಯ ಪಾಲು ಶೇಕಡಾ 3.25, ಕೆಲಸಗಾರರದು ಶೇಕಡಾ 0.75. ಹೆರಿಗೆಯ ಹಣ ಆ ನಿಧಿಯಿಂದ ಬರುತ್ತದೆ. ಗಂಡಸಿಗೂ ಹೆಂಗಸಿಗೂ ಕಟ್ಟುವ ಪಾಲು ಒಂದೇ ಆದ್ದರಿಂದ ಬಸುರಿಯನ್ನು ಬಿಡಿಸಿದರೆ ಧಣಿಗೆ ಒಂದು ಕಾಸೂ ಉಳಿಯುವುದಿಲ್ಲ. ವಾಷಿಂಗ್ಟನ್ ಒಡಂಬಡಿಕೆಯ ತರ್ಕ ಭಾರತದಲ್ಲಿ ಕೂಡಿಬಂದದ್ದು ಹೀಗೆ, ಒಂದು ಪಕ್ಕದ ಬಾಗಿಲಿನಿಂದ.

ಅವಿಭಜಿತ ದಕ್ಷಿಣ ಕನ್ನಡ ದೇಶಕ್ಕೆ ಕೊಟ್ಟ ಬ್ಯಾಂಕುಗಳಲ್ಲಿ ಮತ್ತೊಂದು ಬಗೆಯ ಲೆಕ್ಕವಿತ್ತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರಂನಲ್ಲಿ ಹೆಂಗಸರೇ ನಡೆಸುವ ಶಾಖೆಯನ್ನು ತೆರೆಯಿತು. ಲೆಡ್ಜರು, ಗಿರಾಕಿ, ಸಾಲದ ಕಡತ ಇವುಗಳನ್ನು ಅರಿತ ಗುಮಾಸ್ತೆಯನ್ನು ತಯಾರು ಮಾಡುವ ಖರ್ಚು ಬ್ಯಾಂಕಿನದೇ ಆಗಿರುವುದರಿಂದ ಆಕೆಯನ್ನು ಕೆಲವು ತಿಂಗಳ ರಜೆಯ ಬಳಿಕ ಮರಳಿ ಪಡೆಯುವುದು ಲಾಭದ ಮಾತು. ಸರಕಾರಿ ಶಾಲೆಯ ಶಿಕ್ಷಕಿಗೆ ಹುದ್ದೆಯ ಮೇಲಿನ ಹಕ್ಕು ರಜೆಯಲ್ಲೂ ಉಳಿಯುತ್ತದೆ, 180 ದಿನಗಳ ರಜೆ ಮುಗಿಸಿ ಆಕೆ ಅದೇ ಹುದ್ದೆಗೆ ಬರುತ್ತಾಳೆ. ಹಾಗೆಂದು ದೊಡ್ಡ ಸಂಸ್ಥೆಗಳೆಲ್ಲ ಉದಾರವಾಗಿದ್ದವೆಂದಲ್ಲ. ಮೊದಲ ಬಸುರಿಗೇ ಗಗನಸಖಿಯರನ್ನು ಕೆಲಸದಿಂದ ತೆಗೆಯುವ ಏರ್ ಇಂಡಿಯಾದ ನಿಯಮ ಬಿದ್ದುಹೋಗಲು 1981ರಲ್ಲಿ ಸುಪ್ರೀಂ ಕೋರ್ಟೇ ನುಡಿಯಬೇಕಾಯಿತು. ಕೆಲಸಕ್ಕೆ ಸೇರುವ ಹೆಂಗಸರಿಂದ ಮುಟ್ಟು ಬಸುರುಗಳ ವಿವರ ಬರೆಸಿಕೊಳ್ಳುತ್ತಿದ್ದ ಜೀವವಿಮಾ ನಿಗಮದ ನಮೂನೆಯನ್ನು ಅದೇ ನ್ಯಾಯಾಲಯ ಖಂಡಿಸಿದ್ದು 1991ರಲ್ಲಿ. ಇನ್ನು ದಿನಗೂಲಿಯ ಮಸ್ಟರ್ ರೋಲಿನಲ್ಲಿ, ಅಂದರೆ ಹಾಜರಿ ಪಟ್ಟಿಯಲ್ಲಿ ಮಾತ್ರ ಹೆಸರಿರುವ ಹೆಂಗಸರಿಗೂ ಹೆರಿಗೆ ರಜೆಯ ಹಕ್ಕಿದೆಯೆಂಬ ತೀರ್ಪು 2000ದಲ್ಲಿ ದಿಲ್ಲಿಯ ಪಾಲಿಕೆಯ ಪ್ರಕರಣದಲ್ಲಿ ಬಂತು. ವಾರಾಹಿಯಂಥ ಯೋಜನೆಗಳ ಕಾಮಗಾರಿಗಳಲ್ಲಿ ದಶಕಗಟ್ಟಲೆ ದಿನಗೂಲಿಯ ಮೇಲೆ ಜನ ದುಡಿದ ಸೀಮೆಗೆ ಆ ತೀರ್ಪಿನ ಮಹತ್ವ ವಿವರಿಸಬೇಕಾದದ್ದಲ್ಲ.

2017ರ ಏಪ್ರಿಲ್ 1ರಿಂದ ಹೆರಿಗೆ ಸೌಲಭ್ಯ ಕಾಯಿದೆಯ ರಜೆ ಹನ್ನೆರಡರಿಂದ ಇಪ್ಪತ್ತಾರು ವಾರಗಳಿಗೆ ಏರಿತು, ಅದೇ ವರ್ಷ ಐವತ್ತು ಅಥವಾ ಹೆಚ್ಚು ಮಂದಿಯಿರುವಲ್ಲಿ ಶಿಶುಗೃಹ ಕಡ್ಡಾಯವಾಯಿತು. ಇಂಥ ರಜೆ ಧಣಿಗಳಿಗೂ ಒಳ್ಳೆಯದೆಂದು ವಾದಿಸುವವರು ಸಾಮಾನ್ಯವಾಗಿ ಅಮೆರಿಕದ ಉದಾಹರಣೆಗಳನ್ನು ಕೊಡುತ್ತಾರೆ: ಗೂಗಲ್ 2007ರಲ್ಲಿ ಹನ್ನೆರಡು ವಾರವನ್ನು ಹದಿನೆಂಟಕ್ಕೆ ಏರಿಸಿದ ಮೇಲೆ ಕೆಲಸ ಬಿಡುವ ಹೊಸ ತಾಯಂದಿರ ಪ್ರಮಾಣ ಅರ್ಧಕ್ಕಿಳಿಯಿತು, 2004ರಿಂದ ಸಂಬಳಸಹಿತ ಕುಟುಂಬ ರಜೆ ಕೊಡುತ್ತಿರುವ ಕ್ಯಾಲಿಫೋರ್ನಿಯಾದಲ್ಲಿ ಬಹುಪಾಲು ಧಣಿಗಳು ತೊಂದರೆಯಾಗಲಿಲ್ಲವೆಂದೇ ಹೇಳಿದರು. ಈ ಉದಾಹರಣೆಗಳು ನಿಜವಾದರೂ ಕ್ಯಾಲಿಫೋರ್ನಿಯಾದ ಹಣ ಕೆಲಸಗಾರರ ಸಂಬಳದಿಂದ ಕಡಿದ ವಿಮೆಯಿಂದ ಬರುವುದೆಂಬುದನ್ನೂ, ಗೂಗಲ್ ಒಬ್ಬ ಇಂಜಿನಿಯರನ್ನು ಹುಡುಕಿ ತರುವ ಖರ್ಚು ಪೇಟೆಯ ಜವಳಿ ಅಂಗಡಿಯವನ ಖರ್ಚಲ್ಲವೆಂಬುದನ್ನೂ ಬಿಟ್ಟು ಹೇಳಿದರೆ ವಾದ ಕುಂಟುತ್ತದೆ. ಹತ್ತು ಮಂದಿಯ ಅಂಗಡಿಯೊಂದು ಇ.ಎಸ್.ಐ. ವ್ಯಾಪ್ತಿಯಲ್ಲಿಲ್ಲದಿದ್ದರೆ ಇಪ್ಪತ್ತಾರು ವಾರಗಳ ಸಂಬಳವನ್ನೂ ಬದಲಿ ಕೆಲಸದವರ ಸಂಬಳವನ್ನೂ ಒಟ್ಟಿಗೆ ಕೊಡಬೇಕಾಗುತ್ತದೆ. ಕೇಂದ್ರ ಸರಕಾರ 2018ರ ನವೆಂಬರಿನಲ್ಲಿ 15,000 ರೂಪಾಯಿಯವರೆಗಿನ ಸಂಬಳದವರ ವಿಷಯದಲ್ಲಿ ಏಳು ವಾರಗಳ ಹಣವನ್ನು ಧಣಿಗಳಿಗೆ ಮರಳಿಸುವ ಪ್ರಸ್ತಾವವನ್ನು ಪ್ರಕಟಿಸಿದ್ದು ಈ ಕಷ್ಟವನ್ನು ಒಪ್ಪಿಕೊಂಡಂತೆಯೇ ಆಗಿತ್ತು.

ತಂದೆಯ ರಜೆಯ ವಿಷಯದಲ್ಲಿ ಹೇಳುವುದು ಕಡಿಮೆ. ಸರಕಾರಿ ನೌಕರರಿಗೆ ಹದಿನೈದು ದಿನಗಳ ಪಿತೃತ್ವ ರಜೆಯಿದೆ. ಖಾಸಗಿ ವಲಯಕ್ಕೂ ಇಂಥದನ್ನು ತರಲು 2017ರಲ್ಲಿ ರಾಜೀವ್ ಸಾತವ್ ಲೋಕಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆ ಕಾನೂನಾಗಲಿಲ್ಲ. ಮುಂಬಯಿ, ಬೆಂಗಳೂರುಗಳ ಹೋಟೆಲುಗಳಿಗೆ ತಲೆಮಾರುಗಳಿಂದ ಗಂಡಸರನ್ನು ಕಳಿಸಿದ ಈ ಸೀಮೆಯಲ್ಲಿ ಮಗು ಹುಟ್ಟಿದಾಗ ತಂದೆ ಊರಲ್ಲಿಲ್ಲದಿರುವುದು ಎಷ್ಟು ರೂಢಿಯಾಗಿತ್ತೆಂದರೆ ಅದನ್ನು ಕೊರತೆಯೆಂದು ಯಾರೂ ಎಣಿಸಿದಂತಿಲ್ಲ. ತವರಿನ ಬಾಣಂತನ ಅಷ್ಟು ಕಾಲ ಉಳಿದದ್ದಕ್ಕೆ ಹೋಟೆಲಿನ ದುಡಿಮೆಯೂ ಒಂದು ಕಾರಣವಿರಬೇಕು.

ಹೆರಿಗೆ ಸೌಲಭ್ಯ ಕಾಯಿದೆ ಮತ್ತು ಇ.ಎಸ್.ಐ. ಕಾಯಿದೆಗಳನ್ನು ಒಳಗೊಂಡ 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಬೀಡಿ ಕಾಯಿದೆ ಅದರ ಜೊತೆಯ ಮತ್ತೊಂದು ಸಂಹಿತೆಯಲ್ಲಿ ಸೇರಿಹೋಯಿತು. ಸಾಮಾಜಿಕ ಭದ್ರತಾ ಸಂಹಿತೆಯ ವ್ಯಾಖ್ಯಾನಗಳಲ್ಲಿ ಮನೆಯಲ್ಲಿ ಕುಳಿತು ದುಡಿಯುವವರು ಅಸಂಘಟಿತ ಕಾರ್ಮಿಕರ ಸಾಲಿಗೆ ಸೇರುತ್ತಾರೆ, ಅವರ ಹೆರಿಗೆಯ ನೆರವು ಸರಕಾರ ರೂಪಿಸುವ ಯೋಜನೆಗಳ ಪಾಲಿಗೆ ಬರುತ್ತದೆ. ಬೀಡಿ ಕಟ್ಟುವವಳು ಕಂಪೆನಿಯ ನೌಕರಳೆಂದು 1966ರಲ್ಲಿ ಬರೆದು 1974ರಲ್ಲಿ ನ್ಯಾಯಾಲಯದಲ್ಲಿ ಉಳಿಸಿಕೊಂಡ ಸ್ಥಾನಕ್ಕೂ ಯೋಜನೆಯ ಫಲಾನುಭವಿಯೆಂಬ ಸ್ಥಾನಕ್ಕೂ ಇರುವ ಅಂತರ ಸಣ್ಣದಲ್ಲ. ಮೊದಲನೆಯದರಲ್ಲಿ ಆಕೆ ತನ್ನ ಪುಸ್ತಕವನ್ನು ಹಿಡಿದು ಕಂಪೆನಿಯಿಂದ ಹಣವನ್ನು ಕೇಳಬಹುದಿತ್ತು. ಎರಡನೆಯದರಲ್ಲಿ ಆಕೆ ಅರ್ಜಿ ಹಾಕಬೇಕು.